ಎಳೆದು ನೋಡಿದ ದಾರ

ಮೊನ್ನೆ ಗೋಕಾಕದ ಪೇಟೆಯಲ್ಲಿ ಅಂಗಡಿಯವ ನನ್ನ ಮುಂದೆ ಎರಡು ದಾರದ ಉಂಡೆ ಇಟ್ಟ. ಎರಡೂ ಕೆಂಪು, ಎರಡೂ ಒಂದೇ ದಪ್ಪ. ಬೆಲೆ ಮಾತ್ರ ಒಂದರದು ಇನ್ನೊಂದರ ಮೂರು ಪಟ್ಟು. "ಸಾದಾ ಕೊಡ್ಲೋ, ಭಾರಿದ ಕೊಡ್ಲೋ ಅಕ್ಕಾರ?" ಎಂದು ಅವನು ಕೇಳುವಷ್ಟರಲ್ಲಿ ನನ್ನ ಬೆರಳು ತನ್ನಷ್ಟಕ್ಕೆ ತಾನೇ ಸಾದಾ ದಾರದ ತುದಿ ಹಿಡಿದು, ಎರಡು ಸುತ್ತು ಸುತ್ತಿ, ಜಗ್ಗಿಬಿಟ್ಟಿತ್ತು. ದಾರ ಪಟ್ಟನೆ ಕಡಿಯಿತು. "ಏನ್ರೀ ಇದು! ಎಲ್ಲಾರೂ ಹಿಂಗ ಜಗ್ಗಿದ್ರ ನಾ ಅಂಗಡಿ ಮುಚ್ಚೂದ ಸೈ" ಎಂದ. ನನಗೆ ನಗು ತಡೆಯಲಿಲ್ಲ. ಅವನಿಗೇನು ಗೊತ್ತು, ಜಗ್ಗಿದ್ದು ನಾನಲ್ಲ, ಕಲ್ಲೋಳಿಯಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ ಚಾಚಿ ಎಂದು.

ಚಾಚಿ ಕೌದಿ ಹೊಲಿಯುತ್ತಿದ್ದಳು. ಓಣಿಯವರೆಲ್ಲ ಹಳೆಯ ಸೀರೆ, ಧೋತರ, ಲುಂಗಿಗಳನ್ನು ಗಂಟು ಕಟ್ಟಿ ತಂದು ಆಕೆಯ ಪಡಸಾಲೆಯಲ್ಲಿ ಹಾಕಿ ಹೋಗುತ್ತಿದ್ದರು. ಆ ಹಳೆ ಬಟ್ಟೆಯೆಲ್ಲ ಪದರ ಪದರವಾಗಿ ಸೇರಿ ಹಾಸಲು, ಹೊದೆಯಲು ಕೌದಿಯಾಗುತ್ತಿತ್ತು. ನಮ್ಮಿಬ್ಬರ ಹಿತ್ತಲಿನ ನಡುವೆ ಎದೆಮಟ್ಟದ ಒಂದು ಗೋಡೆ. ಅದರ ಮೇಲಿಂದ ಸಕ್ಕರೆ, ಪಲ್ಯದ ಬಟ್ಟಲು, ಜಗಳ, ನಗು ಎಲ್ಲ ಈಕಡೆಯಿಂದ ಆಕಡೆ ಹೋಗುತ್ತಿದ್ದವು.

ಖರ್ಚಿನ ವಿಷಯದಲ್ಲಿ ಚಾಚಿಯಷ್ಟು ಜಿಪುಣಿಯನ್ನು ನಾನು ಕಂಡಿಲ್ಲ, ಆಕೆಯಷ್ಟು ಧಾರಾಳಿಯನ್ನೂ ಕಂಡಿಲ್ಲ. ಸಂತೆ ಮುಗಿಯುವ ಹೊತ್ತಿಗೆ ಹೋಗಿ ಮೆತ್ತಗಾದ ಟೊಮೆಟೊ ಆರಿಸಿ ತರುವಳು. ಕೊತ್ತಂಬರಿಗೆ ಚೌಕಾಶಿ ಮಾಡಲು ನಿಂತಳೆಂದರೆ ಮಾರುವವಳೇ ಸೋತು "ಒಯ್ಯಿ ನಮ್ಮವ್ವಾ" ಎಂದು ಕೈಮುಗಿಯಬೇಕು. ಆಕೆಯ ಮನೆಯಲ್ಲಿ ಹಿಡಿಕೆ ಇರುವ ಕಪ್ಪು ಒಂದೂ ಇರಲಿಲ್ಲ. ಆದರೆ ಆ ಬೋಳು ಕಪ್ಪಿನೊಳಗಿನ ಚಹಾ ಮಾತ್ರ... ಅಂಥ ಚಹಾಪುಡಿಯನ್ನು ಓಣಿಯಲ್ಲಿ ಬೇರೆ ಯಾರೂ ತರುತ್ತಿರಲಿಲ್ಲ. ಚಹಾಪುಡಿ, ಕುಕ್ಕರಿನ ರಬ್ಬರು, ಸೂಜಿ, ದಾರ, ಇವುಗಳ ಮುಂದೆ ಚಾಚಿಯ ಚೌಕಾಶಿ ಬಾಯಿ ಮುಚ್ಚಿಕೊಂಡು ಕೂತುಬಿಡುತ್ತಿತ್ತು.

ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ.

"ಯಾವುದು ಕೆಟ್ರ ಬಾಕಿದ್ದೆಲ್ಲಾ ಕೆಡತೈತಿ, ಅದಕ್ಕ ರೊಕ್ಕಾ ಹಾಕಬೇಕ ನೋಡವಾ. ಕಪ್ಪ ಒಡದ್ರ ವಾಟಗದಾಗ ಕುಡೀತೇನಿ. ಚಹಾನ ಕೆಟ್ರ ಕಪ್ಪ ನೆಕ್ಕಲೇನ?"

ಅಷ್ಟು ಬಿಡಿಸಿ ಹೇಳಿದರೂ ನನ್ನ ತಲೆಗೆ ಇಳಿಯಲಿಲ್ಲ ಎನ್ನುವುದು ಮುಂದಿನ ಕಥೆ.

ಅಕ್ಕ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಐದು ತಿಂಗಳ ಕೂಸಿನೊಂದಿಗೆ ಆಕೆಯನ್ನು ಹುಕ್ಕೇರಿಯ ಗಂಡನ ಮನೆಗೆ ಕಳಿಸಬೇಕಿತ್ತು. ತೊಟ್ಟಿಲು, ಕುಂಚಿಗೆಯ ಜೊತೆಗೆ ಕೌದಿ ತವರಿನಿಂದಲೇ ಹೋಗಬೇಕು. ಅಕ್ಕನ ಅತ್ತೆಯೋ, ಸ್ವತಃ ಕೌದಿ ಹೊಲಿಯುವ ಹೆಣ್ಣುಮಗಳು. ಬಂದ ಕೌದಿಯನ್ನು ತಿರುವಿ ಹಿಂಬದಿಯ ಹೊಲಿಗೆ ನೋಡುವ ಪೈಕಿ. ಸೀಮಂತದ ಸೀರೆಯ ವಿಷಯದಲ್ಲಿ ಅವರು ಆಡಿದ ಮಾತನ್ನು ಅವ್ವ ಇನ್ನೂ ಮರೆತಿರಲಿಲ್ಲ. ಈ ಕೌದಿಗೆ ಒಂದು ಮಾತೂ ಬರಬಾರದು ಎಂದು ಚಾಚಿಯ ಕೈ ಹಿಡಿದುಕೊಂಡು ಹೇಳಿದ್ದಳು.

ನಾನಾಗ ಕಾಲೇಜಿಗೆಂದು ದಿನಾ ಮೂಡಲಗಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ದಾರ ತರುವ ಕೆಲಸ ನನಗೆ ಬಂತು. "ಎಳದ ನೋಡಿ ತಾ" ಎಂದು ಚಾಚಿ ಎರಡೆರಡು ಸಲ ಹೇಳಿದ್ದಳು. ಅಂಗಡಿಯಲ್ಲಿ ನೋಡಿದರೆ ಅಗ್ಗದ್ದೂ ಕೆಂಪು, ತುಟ್ಟಿಯದ್ದೂ ಕೆಂಪು. ಪಕ್ಕದ ಅಂಗಡಿಯಲ್ಲಿ ಹಸಿರು ಹರಳಿನ ಝುಮಕಿ ತೂಗುತ್ತಿತ್ತು... ನನ್ನ ಬುದ್ಧಿ ಎಲ್ಲಿ ಹೋಗಿತ್ತೋ! ಅಗ್ಗದ ದಾರ ಕೊಂಡೆ, ಮಿಕ್ಕಿದ್ದರಲ್ಲಿ ಝುಮಕಿ ಕೊಂಡೆ. ಮನೆಯಲ್ಲಿ ಗೆಳತಿ ಕೊಟ್ಟಳು ಎಂದೆ. ಚಾಚಿ "ಎಳದ ನೋಡಿಯಲಾ?" ಎಂದಾಗ "ಹೂಂ ಚಾಚಿ" ಎಂದೆ. ಆಕೆ ನಂಬಿದಳು, ತಾನು ಎಳೆದು ನೋಡಲಿಲ್ಲ. ಈ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಕೌದಿ ಛಂದ ಮೂಡಿಬಂತು. ನಮ್ಮ ಕಡೆ ಕೌದಿಯ ಹೊಟ್ಟೆ ಬರಿದಿರಬಾರದು ಎನ್ನುತ್ತಾರೆ. ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಹೋಳಿಗೆಯ ಚೂರು ಇಟ್ಟು ಹೊಲಿಯಬೇಕು. ಕೂಸಿನ ಮೈಗೆ ತಾಕುವುದಲ್ಲವೇ, ಅದಕ್ಕೆ ಆ ಒಂದು ಮೂಲೆ ಬಿಟ್ಟು ಮೊದಲು ಒಗೆದೆವು. ಅಕ್ಕ ಹೊರಡಲು ಮೂರೇ ದಿನ ಉಳಿದಿತ್ತು. ಒಂದು ತುದಿ ಅವ್ವ, ಇನ್ನೊಂದು ತುದಿ ಚಾಚಿ ಹಿಡಿದು ಹಿಂಡಿದರು. ಪಟ್... ಪಟ್ ಪಟ್ ಪಟ್! ಒಂದು ಸಾಲು ಬಿಚ್ಚಿತು, ಅದರ ಹಿಂದೆ ಇನ್ನೊಂದು. ನೋಡನೋಡುತ್ತ ಕೌದಿ ಮತ್ತೆ ಹಳೆ ಸೀರೆಗಳ ಗಂಟಾಗಿ ಕಲ್ಲಿನ ಮೇಲೆ ಬಿತ್ತು.

ಚಾಚಿ ಒಂದು ಎಳೆ ಎತ್ತಿ ಬೆರಳಿಗೆ ಸುತ್ತಿ ಜಗ್ಗಿದಳು. ಆಮೇಲೆ ನಿಧಾನವಾಗಿ ನನ್ನ ಕಿವಿಯನ್ನು ನೋಡಿದಳು. ನಾನು ಅಳುತ್ತ ಎಲ್ಲ ಒಪ್ಪಿಕೊಂಡೆ.

"ನಿನ್ನ ಝುಮಕಿಗೆ ಬೆಂಕಿ ಹಚ್ಲಿ!" ಎಂದು ಅವ್ವ ಕೈ ಎತ್ತಿಕೊಂಡೇ ಬಂದಳು. ಚಾಚಿ ನಡುವೆ ನಿಂತು, "ತಡಿ ತಡಿ, ಮೊದಲ ಮಾಲ್ ಹೆಂಗೈತಿ ನೋಡೂಣು" ಎಂದು ನನ್ನ ಒಂದು ಕಿವಿಯ ಝುಮಕಿ ಬಿಚ್ಚಿಕೊಂಡು ಮೆಲ್ಲಗೆ ಎಳೆದಳು. ಕೊಂಡಿ ಕಿತ್ತು ಆಕೆಯ ಕೈಯಲ್ಲೇ ಉಳಿಯಿತು.

"ಯಾ ಅಲ್ಲಾ, ಇದೂ ಅದ ದಾರದ ತಂಗಿ!" ಎಂದು ಚಾಚಿ ಕಲ್ಲಿನ ಮೇಲೆ ಕುಸಿದು ನಕ್ಕಳು. ಬಾಗಿಲಲ್ಲಿ ಕೂಸು ಹಿಡಿದು ನಿಂತಿದ್ದ ಅಕ್ಕ ನಕ್ಕಳು. ಕೊನೆಗೆ ಎತ್ತಿದ ಕೈ ಎತ್ತಿದಂತೆಯೇ ಅವ್ವನೂ ನಕ್ಕಳು. ನಾನು ಮಾತ್ರ ಒಂದೇ ಕಿವಿಯಲ್ಲಿ ಝುಮಕಿ ತೂಗಿಸಿಕೊಂಡು ಮೂಗು ಒರೆಸಿಕೊಳ್ಳುತ್ತ ನಿಂತಿದ್ದೆ.

ಚಾಚಿ ಒಳಗೆ ಹೋಗಿ ತನ್ನ ಟ್ರಂಕಿನಿಂದ ಕೆಂಪು ದಾರ ತಂದಳು. ತನಗಾಗಿ ಒಂದು ಕೌದಿ ಹೊಲಿದುಕೊಳ್ಳಬೇಕೆಂದು ಎಷ್ಟೋ ದಿನದಿಂದ ಕೂಡಿಟ್ಟಿದ್ದು. ಬೇಡವೆಂದು ಅವ್ವ ಹೇಳುವ ಮೊದಲೇ ಸೂಜಿಗೆ ಪೋಣಿಸಿಯಾಗಿತ್ತು. ನನಗೆ ಸಿಕ್ಕ ಶಿಕ್ಷೆ, ಉಳಿದ ಹಳೆ ಹೊಲಿಗೆಯನ್ನೆಲ್ಲ ಒಂದೊಂದಾಗಿ ಬಿಚ್ಚುವುದು. ಎರಡೂ ಮನೆಯ ಅಡಿಗೆ ಅಕ್ಕ ನೋಡಿಕೊಂಡಳು, ಕೂಸು ನಮ್ಮ ಮೂವರ ತೊಡೆಯ ಮೇಲೂ ಪಾಳಿಯಲ್ಲಿ ಮಲಗಿತು. ಹೊರಡುವ ದಿನ ಮುಂಜಾನೆ ಅವ್ವ ಹೋಳಿಗೆಯ ಚೂರು ಕೊಟ್ಟಳು. ಕೊನೆಯ ಮೂಲೆಯನ್ನು ಚಾಚಿ ಒಬ್ಬಳೇ ಕೂತು ಮುಚ್ಚಿದಳು.

ಹುಕ್ಕೇರಿಗೆ ನಾನೂ ಹೋಗಿದ್ದೆ. ಅಕ್ಕನ ಅತ್ತೆ ಚಹಾ ಕೊಟ್ಟರು, ಕೂಸಿನ ದೃಷ್ಟಿ ತೆಗೆದರು, ಆಮೇಲೆ ಕೌದಿ ತಿರುವಿದರು. ಹೆಬ್ಬೆರಳಿನ ಉಗುರು ಹೊಲಿಗೆಯೊಳಗೆ ಸಿಕ್ಕಿಸಿ ಎಳೆದರು. ಹೊಲಿಗೆ ಅಲ್ಲಾಡಲಿಲ್ಲ. ಮತ್ತೊಂದು ಕಡೆ ಎಳೆದರು. "ಯಾರ ಕೈ ಹೊಲಿಗಿರೀ ಇದು?" ಎಂದು ಅವ್ವನನ್ನು ಕೇಳಿದ ದನಿಯಲ್ಲಿ ಮತ್ಸರ ಎದ್ದು ಕಾಣುತ್ತಿತ್ತು. ಅವ್ವನ ಮುಖ ಆ ಹೊತ್ತು ಹೇಗೆ ಅರಳಿತ್ತು ಎಂದರೆ... ಆ ದಿನದ ಖುಷಿ ನನಗೆ ಇನ್ನೂ ಹಾಗೇ ಇದೆ.

ಮುಂದಿನ ತಿಂಗಳು ಚಾಚಿಯ ಕೌದಿಗೆ ದಾರ ನಾನೇ ತಂದುಕೊಟ್ಟೆ, ಅಂಗಡಿಯವ ಬೈಯುವಷ್ಟು ಎಳೆದು ನೋಡಿ. ಆಕೆಯ ಬಳಿಯೇ ಉಳಿದ ಆ ಝುಮಕಿ ಕೊಡು ಎಂದು ಆಗಾಗ ಕಾಡುತ್ತಿದ್ದೆ. "ಜ್ವಾಕಿಲೆ ಇಟ್ಟೇನ್ವಾ" ಎನ್ನುತ್ತಿದ್ದಳು. ನನ್ನ ಮದುವೆಯಾಯಿತು, ಗೋಕಾಕಕ್ಕೆ ಬಂದೆ. ನನ್ನ ಮನೆಯಲ್ಲೂ ಕಪ್ಪುಗಳಿಗೆ ಹಿಡಿಕೆ ಇಲ್ಲ, ಚಹಾಪುಡಿ ಮಾತ್ರ ಒಳ್ಳೆಯದು. ಮೊದಮೊದಲು ಇದನ್ನು ನೋಡಿ ನಗುತ್ತಿದ್ದ ಯಜಮಾನರು ಈಗ ಅದನ್ನೂ ಬಿಟ್ಟಿದ್ದಾರೆ. ಚಾಚಿ ತೀರಿಕೊಂಡು ಆರು ವರ್ಷ. ಸುದ್ದಿ ತಿಳಿದು ನಾನು ಕಲ್ಲೋಳಿ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಮುಖ ನೋಡಲಾಗಲಿಲ್ಲ...

ಅಂದಿನ ಕೂಸು ಈಗ ಬೆಳಗಾವಿಯ ಹಾಸ್ಟೆಲಿನಲ್ಲಿ ಓದುತ್ತಾಳೆ. ಕೌದಿ ಈಗ ಕಾಲಿಗಷ್ಟೇ ಸಾಲುತ್ತದೆ, ಆದರೂ ಅದಿಲ್ಲದೆ ನಿದ್ದೆ ಬರುವುದಿಲ್ಲವಂತೆ. ದುರಸ್ತಿ ಮಾಡಿಕೊಡು ಚಿಗವ್ವಾ ಎಂದು ತಂದುಕೊಟ್ಟಿದ್ದಳು, ಮೊನ್ನೆಯ ದಾರ ಅದಕ್ಕೇ. ಹಾಸಿ ನೋಡಿದೆ. ಸೀರೆಗಳೆಲ್ಲ ಜಾಳಾಗಿ ಹರಿದಿವೆ, ಕೆಂಪು ಹೊಲಿಗೆ ಮಾತ್ರ ಸಾಲಿಗೆ ಸಾಲು ನಿಂತಿದೆ.

ಹೊಸ ತೇಪೆ ಹಾಕಲು ಆ ಕೊನೆಯ ಮೂಲೆ ಬಿಚ್ಚಬೇಕಾಯಿತು. ಹೋಳಿಗೆ ಎಂದೋ ಪುಡಿಯಾಗಿತ್ತು. ಅದರ ಬದಿಗೆ ಅರಿವೆಯ ಸಣ್ಣದೊಂದು ಗಂಟು. ಬಿಚ್ಚಿದರೆ ಹಸಿರು ಹರಳಿನ ಝುಮಕಿ. ಕಿತ್ತುಹೋಗಿದ್ದ ಕೊಂಡಿಯನ್ನು ಕೆಂಪು ದಾರದಿಂದ ಸುತ್ತಿ ಸುತ್ತಿ ಬಿಗಿದು ಕಟ್ಟಿದ್ದಳು. ನೆಲದ ಮೇಲೆ ಕೂತು ಒಬ್ಬಳೇ ಜೋರಾಗಿ ನಕ್ಕೆ, ನಗುನಗುತ್ತಲೇ ಅತ್ತೆ. ಗೋಡೆಯ ಆಚೆಗೆ ಕೂಗಿ ಹೇಳೋಣವೆಂದರೆ ಗೋಡೆಯ ಆಚೆಗೆ ಈಗ ಚಾಚಿ ಇಲ್ಲ.

ಕಣ್ಣೊರೆಸಿಕೊಂಡು, ಕೊಂಡಿ ಹಿಡಿದು ಎಳೆದು ನೋಡಿದೆ. ಕಡಿಯಲಿಲ್ಲ.