ಬುತ್ತಿ ಒಯ್ಯದ ಕವಿ

ನಮ್ಮ ಪಕ್ಕದ ಮನೆಯ ಶಂಕರೆಪ್ಪನಿಗೆ ಜಮಖಂಡಿ ಪೇಟೆಯಲ್ಲಿ ಬೆಲ್ಲದ ಅಂಗಡಿ. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಹೊಸತರಲ್ಲಿ ಅವನ ಹೆಂಡತಿ ಗುರುಬಸವ್ವ ಚೊಚ್ಚಲ ಹೆರಿಗೆಗೆಂದು ತವರೂರು ಹುನ್ನೂರಿಗೆ ಹೋದಳು. ಗಂಡುಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಮಾವ ಹಿರಿಯ ಅಳಿಯನಾದ ಇವನನ್ನು ಬಿಟ್ಟು ಕಿರಿಯ ಅಳಿಯನಿಗೆ ಮೊದಲು ಮರ್ಯಾದೆಯ ರುಮಾಲು ಸುತ್ತಿದನಂತೆ. ಶಂಕರೆಪ್ಪ ಉಣ್ಣದೆ ಎದ್ದು ಬಂದ.

ನಮ್ಮಲ್ಲಿ ಬಾಣಂತಿಯನ್ನು ಕರೆತರಲು ಗಂಡನೇ ರೊಟ್ಟಿ, ಹೋಳಿಗೆಯ ಬುತ್ತಿ ಕಟ್ಟಿಕೊಂಡು ಹೋಗಬೇಕು. ಬುತ್ತಿ ಬಾರದೆ ಅವಳು ತವರಿನ ಹೊಸ್ತಿಲು ದಾಟುವಂತಿಲ್ಲ. ಕೂಸು ಮಗ್ಗುಲು ಹೊರಳಿತು, ಅಂಬೆಗಾಲಿಟ್ಟಿತು; ಬುತ್ತಿ ಹೋಗಲಿಲ್ಲ. ಮಾವನೇ ಬಂದು ಕರೆಯಲಿ ಎಂದು ಇವನು ಕೂತ. ಕೂತು ಕೂತು ಬೇಸರವಾಗಿ ಒಂದು ಕವಿತೆ ಬರೆದ. ದಾರಿ ನೋಡಿ ನೋಡಿ ಕಣ್ಣು ಸೋತವು, ನೀ ಬರಲಿಲ್ಲ ಎಂದು ಅದರ ಸಾರ. ವಾರಪತ್ರಿಕೆಯವರು ಅಚ್ಚು ಹಾಕಿದರು.

ಓದಿದವರು ಸುಮ್ಮನಿರಲಿಲ್ಲ. ಇದು ಜೀವವು ಶಿವನಿಗಾಗಿ ಕಾಯುವ ಸಂಕಟ ಎಂದರು ಮುಧೋಳದ ಮಾಸ್ತರರು. ಬನಹಟ್ಟಿಯ ನೇಕಾರ ವಿಠೋಬಾ, ರೇಶನ್ನಿನ ನೂಲಿಗೆ ಸಾಲಿನಲ್ಲಿ ನಿಂತವನಿಗೇ ಈ ನೋವು ಗೊತ್ತು ಎಂದು ಕಾರ್ಡು ಹಾಕಿದ. ಬೀಳಗಿಯ ಚನಮಲ್ಲಪ್ಪ ಮಾತ್ರ ಕವಿಯ ಹೆಂಡತಿ ತೀರಿಕೊಂಡಳೆಂದೇ ತಿಳಿದು, ಸಮಾಧಾನ ಹೇಳಿ ವಿಭೂತಿ ಕಳಿಸಿದ. ಶಂಕರೆಪ್ಪ ಯಾರನ್ನೂ ತಿದ್ದಲಿಲ್ಲ. ವಿಭೂತಿ ಹಚ್ಚಿಕೊಂಡ, ಗಡ್ಡ ಬಿಟ್ಟ, ಬೆಲ್ಲ ತೂಗುವಾಗಲೂ ನಿಟ್ಟುಸಿರು ಬಿಡತೊಡಗಿದ.

"ಹುನ್ನೂರಿಗೆ ಸಂತಿ ಬಂಡಿ ಹೊಂಟೈತೋ, ಹತ್ತು," ಎಂದೆ.

"ಹೆಂಗ ಹೋಗ್ಲಿ ಆಯಿ? ಪತ್ರಿಕಿಯವ್ರು ಇನ್ನೊಂದು ಕವಿತಿ ಕೇಳ್ಯಾರ. ಆಕಿ ಬಂದ್ರ ಏನ್ ಬರೀಲಿ?"

ಒಂದು ದಿನ ಮಾಸ್ತರರೂ ಚನಮಲ್ಲಪ್ಪನೂ ಹಾರ ಹಿಡಿದು ಬಂದೇ ಬಿಟ್ಟರು. ಕವಿ ತಲೆ ತಗ್ಗಿಸಿ ಕೂತಿದ್ದ. ಚನಮಲ್ಲಪ್ಪ ಗೋಡೆಯನ್ನೆಲ್ಲ ನೋಡಿ, "ನಿಮ್ಮ ಮನಿಯವರ ಫೋಟೋ ಇಲ್ಲೇನ್ರಿ? ಹೂವು ಏರಿಸೂಣ ಅಂತಿದ್ದೆ," ಎಂದ.

ನೀರು ಕೊಡಲು ಹೋದ ನಾನು ಹೇಳಿದೆ: "ಫೋಟೋ ಯಾಕ್ರಿ, ಆಕಿನ್ನೇ ನೋಡ್ರಿ. ಹುನ್ನೂರಾಗ ಕೂಸು ಹೊತ್ಕೊಂಡು ಛಲೋ ಅದಾಳ."

"ಬದುಕ್ಯಾಳ?" ಎಂದ ಚನಮಲ್ಲಪ್ಪ, ಯಾರೋ ಸತ್ತ ಸುದ್ದಿ ಕೇಳಿದವನಂತೆ. "ಇಲ್ಲೇ ಹುನ್ನೂರಾಗ?"

ಮಾಸ್ತರರು ಶಿವನ ಮಾತೆತ್ತಲಿಲ್ಲ. ಹಾರ ತಿರುಗಿ ಚೀಲ ಸೇರಿತು.

ಆಮೇಲೆ ಒಂದು ಕಾರ್ಡೂ ಬರಲಿಲ್ಲ. ವಾರಪತ್ರಿಕೆಯಲ್ಲಿ ಕವಿತೆ ಬರಬೇಕಿದ್ದ ಜಾಗದಲ್ಲಿ ಹಲ್ಲುಪುಡಿಯ ಜಾಹೀರಾತು ಬಂತು. ಶಂಕರೆಪ್ಪ ಎರಡು ಸಲ ನಮ್ಮ ಅಂಗಳದ ತನಕ ಬಂದು ತಿರುಗಿ ಹೋದ. ಮೂರನೆಯ ಸಲ ಬಾಯಿ ಬಿಟ್ಟ.

"ಆಯಿ, ನಾಕು ಶೇಂಗಾ ಹೋಳಿಗಿ ಮಾಡಿಕೊಡ್ತಿ?"

"ಬೆಲ್ಲ ನಿಂದು," ಎಂದೆ. ಬಂಡಿಯಲ್ಲಿ ಜೊತೆಗೂ ಹೋದೆ.

ಗುರುಬಸವ್ವ ಬಾಗಿಲಲ್ಲೇ ನಿಂತು ಗಡ್ಡ ನೋಡಿದಳು, ಬುತ್ತಿ ನೋಡಿದಳು. "ಬಂದ್ರೇನ್ರಿ? ಕೂಡ್ರಿ ಕಟ್ಟಿ ಮ್ಯಾಲ. ಕೂಸಿಗೆ ಎರಿಯಾಕತ್ತೇನಿ."

ನಾನು ಒಳಗೆ ಹೋದೆ. ಮೂಲೆಯಲ್ಲಿ ಅವಳ ಟ್ರಂಕು ಹಗ್ಗ ಬಿಗಿದು ನಿಂತಿತ್ತು. ಹಗ್ಗದ ಮೇಲೆ ಬೆರಳಾಡಿಸಿದರೆ ಧೂಳು ಹತ್ತಿತು. ಅವಳು ಕೂಸಿಗೆ ನೀರೆರೆದಳು, ಲೋಬಾನದ ಹೊಗೆ ಹಾಕಿದಳು, ಹಾಲು ಕುಡಿಸಿದಳು. ಆಮೇಲೆ ತನ್ನ ಹೆರಳು ಬಿಚ್ಚಿ ಮತ್ತೆ ನಿಧಾನಕ್ಕೆ ಹೆಣೆದುಕೊಂಡಳು.

ಹೊರಗೆ ಕಟ್ಟೆಯ ಮೇಲಿನ ನೆರಳು ಸರಿದು ಹೋಗಿತ್ತು. ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಶಂಕರೆಪ್ಪ ಬಿಸಿಲಲ್ಲಿ ಬಾಗಿಲನ್ನೇ ನೋಡುತ್ತಿದ್ದ.

"ಕವಿತಿ ಏನರ ಹೊಳೀತೇನೋ?" ಎಂದೆ.

"ಕಾಲು ಜೋಮು ಹಿಡದಾವ ಆಯಿ."

ಗುರುಬಸವ್ವ ಬಂದು ಬುತ್ತಿ ತೆಗೆದುಕೊಂಡು ಆ ತೊಡೆಯ ಮೇಲೆ ಕೂಸನ್ನು ಕೂಡಿಸಿದಳು. "ಹಿಡೀರಿ. ಟ್ರಂಕ್ ತರತೇನಿ."

ಕೂಸು ಎರಡೂ ಕೈಯಿಂದ ಗಡ್ಡ ಹಿಡಿದು ಜಗ್ಗಿತು.