ಮೂವತ್ತು ದಾಟಿದರೆ ಮಾರು

ಸೊಲ್ಲಾಪುರದ ಆಸ್ಪತ್ರೆಯಲ್ಲಿ ತೀರಿಕೊಳ್ಳುವ ಹಿಂದಿನ ದಿನ ಅಕ್ಕ ನನ್ನೊಡನೆ ಆಡಿದ ಕೊನೆಯ ಪೂರ್ತಿ ಮಾತು ಅವಳ ಷೇರುಗಳದು.

"ಪಿ.ಇ. ಮೂವತ್ತ ದಾಟಿದ್ರ ಮಾರು. ಅಲ್ಲೀತನಾ ಮುಟ್ಟಬ್ಯಾಡ. ಆ ರೊಕ್ಕದಾಗ ಹುಡುಗೀನ ನರ್ಸಿಂಗಿಗೆ ಹಚ್ಚು."

ಹುಡುಗಿ ಎಂದರೆ ನನ್ನ ಮಗಳು. ಅಕ್ಕನಿಗೆ ಮಕ್ಕಳಿರಲಿಲ್ಲ. ಆಮೇಲೆ ನೀರು ಕೇಳಿದಳು, ಕಿಟಕಿ ಮುಚ್ಚು ಎಂದಳು. ಅಷ್ಟೇ.

ಅವಳು ಕರಜಗಿಯ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದಳು. ನಾನು ಬಸ್ ಕಂಡಕ್ಟರ್. ಅಕ್ಕಲಕೋಟದಿಂದ ಹೊರಡುವ ಬೆಳಗಿನ ಬಸ್ಸಿನಲ್ಲಿ ನನ್ನ ಪಾಳಿ ಇದ್ದರೆ ಮುಂದಿನ ಸೀಟಿನಲ್ಲಿ ಕೂತು ತನ್ನ ಕಂಪನಿಯ ಸುದ್ದಿ ಹೇಳುತ್ತಿದ್ದಳು. ಯಂತ್ರದ ಬಿಡಿಭಾಗ ಮಾಡುವ ಒಂದೇ ಒಂದು ಕಂಪನಿ. ಬೇರೆ ಯಾವುದರ ಷೇರೂ ಅವಳ ಹತ್ತಿರ ಇರಲಿಲ್ಲ. ಪಿ.ಇ. ಅಂದರೇನು ಎಂದು ನಾನು ಕೇಳಿದ್ದು ಒಂದೇ ಸಲ.

"ದುಧನಿ ಬಾಜಾರದಾಗ ಎಮ್ಮಿ ಹೆಂಗ ಕೊಳ್ತಾರ?"

"ಹಲ್ಲ ನೋಡಿ."

"ಹಲ್ಲ ನೋಡೋ ನಿನ್ನಂಥಾ ಶಾಣ್ಯಾಗ ಕುಂಟೆಮ್ಮಿನ ಗತಿ. ವರ್ಷಕ್ಕ ಎಷ್ಟ ಲಾಭ ಕೊಡ್ತದ, ಅದರ ಎಷ್ಟ ಪಟ್ಟು ಬೆಲಿ ಕೇಳಾಕತ್ತಾರ, ಅದನ್ನ ನೋಡಬೇಕೋ. ಅದು ಪಿ.ಇ."

ಷೇರಿನ ಬೆಲೆಯನ್ನು ಒಂದು ಷೇರಿನ ಪಾಲಿಗೆ ಬಂದ ವರ್ಷದ ಲಾಭದಿಂದ ಭಾಗಿಸುವುದು. ಇಷ್ಟು ನನಗೂ ತಿಳಿಯಿತು.

ಅವಳು ಹೋದ ಮೇಲೆ ಹಳೆಯ ಮರಾಠಿ ಕ್ಯಾಲೆಂಡರುಗಳ ಸುರುಳಿ ಬಿಚ್ಚಿದೆ. ಹಾಲು, ಸಿಲಿಂಡರು ಬರೆದುಕೊಳ್ಳುವ ಚೌಕಗಳಲ್ಲಿ ಮೂರು ತಿಂಗಳಿಗೊಮ್ಮೆ ಕೆಂಪು ಶಾಯಿಯ ಅಂಕಿ. ಹನ್ನೆರಡು. ಹದಿನಾಲ್ಕು. ಹತ್ತೊಂಬತ್ತು. ಕಾಯಿಲೆ ಬೀಳುವ ಮುಂಚಿನದು ಇಪ್ಪತ್ತೆರಡು. ಬೆಲೆ ಎಷ್ಟು, ಲಾಭ ಎಷ್ಟು ಎಂದು ಎಲ್ಲೂ ಬರೆದಿರಲಿಲ್ಲ. ಅವು ಅವಳ ತಲೆಯಲ್ಲಿ ಇದ್ದವು.

ಷೇರು ನನ್ನ ಹೆಸರಿಗೆ ಬರುವುದಕ್ಕೇ ತಿಂಗಳುಗಳು ಹಿಡಿದವು. ಆಮೇಲೆ ಒಂದು ದಿನ ಡ್ಯೂಟಿ ಮುಗಿಸಿ ಮನೆಗೆ ಬಂದಾಗ ಮಗಳು ಫೋನು ಹಿಡಿದುಕೊಂಡೇ ಬಾಗಿಲಿಗೆ ಓಡಿ ಬಂದಳು. "ಅಪ್ಪಾ, ಮೂವತ್ತೆರಡ ಆಗ್ಯಾದ!" ಅಕ್ಕ ಸತ್ತ ಮೇಲೆ ನಮ್ಮ ಮನೆಯಲ್ಲಿ ಯಾರಾದರೂ ಜೋರಾಗಿ ನಕ್ಕದ್ದು ಅಂದೇ ಮೊದಲು.

ಮರುದಿನ ರಜೆ ಹಾಕಿ ಸೊಲ್ಲಾಪುರಕ್ಕೆ ಹೋದೆ. ಷೇರು ಮಾರಿಕೊಡುವ ದಲಾಲ ಚಿಕ್ಕ ವಯಸ್ಸಿನವನು, ಅಕ್ಕನನ್ನು ಬಲ್ಲವನು.

"ಕಾಕಾ, ಬೆಲಿ ನೋಡೀರೇನ್ರಿ?" ಎಂದು ಪರದೆಯನ್ನು ನನ್ನ ಕಡೆ ತಿರುಗಿಸಿದ.

ಅಕ್ಕ ಇಪ್ಪತ್ತೆರಡು ಬರೆದಾಗ ಷೇರಿನ ಬೆಲೆ ಎಂಟುನೂರಾ ಎಂಬತ್ತು, ಲಾಭ ನಲವತ್ತು. ಈಗ ಬೆಲೆ ಮುನ್ನೂರಾ ಇಪ್ಪತ್ತು, ಲಾಭ ಹತ್ತು. ಅಂಕಿ ಏರಿತ್ತು, ಆದರೆ ಎಮ್ಮೆಗೆ ಗಿರಾಕಿ ಹೆಚ್ಚಿ ಅಲ್ಲ. ಬೆಲೆ ಬಿದ್ದಿತ್ತು, ಹಾಲು ಅದಕ್ಕಿಂತ ಬೇಗ ಬತ್ತಿತ್ತು.

"ಮಾರೂನೇನ್ರಿ?"

"ಅಕ್ಕ ಮೂವತ್ತ ದಾಟಿದ್ರ ಮಾರು ಅಂದಿದ್ಲು."

"ದಾಟ್ಯಾದ, ಖರೆ. ಆದ್ರ ನಿಮ್ಮ ಅಕ್ಕಾರು ಇಂಥಾ ಮೂವತ್ತಕ್ಕ ಹೇಳಿರಲಿಕ್ಕಿಲ್ರಿ."

"ಮತ್ತ ಏನ ಮಾಡ್ಲಿ?"

"ನಾ ಹೆಂಗ ಹೇಳ್ಲಿರಿ? ಬಸ್ಸಿನ ಗಂಟಿ ನೀವ ಹೊಡೀಬೇಕು."

ನಾನು ನಗಲಿಲ್ಲ. ಮಾರಿದ್ದರೆ ಒಂದು ವರ್ಷದ ಫೀಸಾದರೂ ಆಗುತ್ತಿತ್ತು. ಬೆಲೆ ಏರಿ ಅಕ್ಕ ಅಂದುಕೊಂಡಿದ್ದ ಮೂವತ್ತು ಬರಲಿ ಎಂದು ಹಾಗೇ ಎದ್ದು ಬಂದೆ. ಅವಳ ಮಾತು ಉಳಿಸಿದೆನೋ ಮುರಿದೆನೋ ಇಂದಿಗೂ ಹೇಳಲಾರೆ. ಮಗಳು ಆ ವರ್ಷ ಅರ್ಜಿ ಹಾಕಲಿಲ್ಲ. ಯಾಕೆ ಮಾರಲಿಲ್ಲ ಎಂದು ನನ್ನನ್ನು ಕೇಳಲೂ ಇಲ್ಲ.

ಕಂಪನಿಯ ಮುಂದಿನ ಫಲಿತಾಂಶ ಬಂದ ದಿನ ಅವಳು ಫೋನನ್ನು ನನ್ನ ಮುಂದೆ ಹಿಡಿದಳು. ಪಿ.ಇ. ಎಂದು ಬರೆದಲ್ಲಿ ಅಂಕಿಯೇ ಇರಲಿಲ್ಲ, ಒಂದು ಅಡ್ಡಗೆರೆ ಮಾತ್ರ ಇತ್ತು. ನೆಟ್‌ವರ್ಕ್ ಹೋಗಿದೆ ಎಂದುಕೊಂಡು ಅಂಗಳಕ್ಕೆ ಹೋಗಿ ನೋಡಿದೆ. ಅಲ್ಲೂ ಅದೇ ಗೆರೆ. ದಲಾಲನಿಗೆ ಫೋನು ಹಚ್ಚಿದೆ.

"ಕಂಪನಿ ನಷ್ಟದಾಗ ಅದರಿ, ಕಾಕಾ. ಲಾಭನ ಇಲ್ಲಂದ್ರ ಯಾವುದರಲೇ ಭಾಗಸೂದು?"

ಮೂವತ್ತಕ್ಕೆ ಎಷ್ಟು ಕಡಿಮೆ ಎಂದು ನೋಡಲು ಕೂಡ ಈಗ ಅಲ್ಲಿ ಏನೂ ಇರಲಿಲ್ಲ.

ಮೊನ್ನೆ ಮಗಳು, "ಈ ವರ್ಷದ ಅರ್ಜಿ ಈ ತಿಂಗಳ ಮುಗೀತಾವ," ಎಂದಳು. ಮಾರು ಎಂದೆ. ಅವಳು ದಲಾಲನಿಗೆ ಹಚ್ಚಲು ಫೋನು ಕೈಗೆ ತೆಗೆದುಕೊಳ್ಳುವುದರೊಳಗೆ, ತಡಿ ಎಂದೆ. ನಾನು ಇನ್ನೇನಾದರೂ ಹೇಳುತ್ತೇನೆಂದು ಅವಳು ಅಲ್ಲೇ ನಿಂತಳು.