ಡೇರಿ ಗೋಡೆಯ ಜ್ವರದ ತಾಯಿ

ಚನ್ನರಾಯಪಟ್ಟಣ ಹೋಬಳಿಯಲ್ಲಿ ಖಾಲಿ ಗೋಡೆ ಕಂಡರೆ ಅಲ್ಲಿ ಬೋರ್ಡ್ ಪಿಳ್ಳಣ್ಣನ ಕುಂಚ ಆಡದೆ ಇರುತ್ತಿರಲಿಲ್ಲ. ಬೀಡಿ, ಸಿಮೆಂಟು, ಯೂರಿಯಾ, ಎಲೆಕ್ಷನ್ನು ಎಲ್ಲವನ್ನೂ ಒಂದೇ ಭಕ್ತಿಯಿಂದ ಬರೆಯುತ್ತಿದ್ದ. ‘ಎರಡೇ ಮಕ್ಕಳು ಸಾಕು’ ಎಂದು ತಾಲ್ಲೂಕಿಗೆಲ್ಲ ಬರೆದ ಪುಣ್ಯಾತ್ಮನಿಗೆ ಐದು ಮಕ್ಕಳು. “ನಿನ್ ಪಾರ್ಟಿ ಯಾವ್ದಲಾ?” ಎಂದರೆ, “ಸುಣ್ಣ ಯಾರು ಕೊಡಿಸ್ತಾರೋ ಅವ್ರುದು” ಎನ್ನುತ್ತಿದ್ದ.

ಅವನಿಗೆ ನಿಜವಾಗಿ ಪ್ರೀತಿಯಿದ್ದದ್ದು ನಮ್ಮೂರಿನ ಗುಂಡುತೋಪಿನ ಮೇಲೆ. ಹಿಂದಿನವರು ಊರಿಗೆಂದು ನೆಟ್ಟ ಹುಣಸೆ, ಹೊಂಗೆ, ಮಾವಿನ ಮರಗಳು ಅಲ್ಲಿದ್ದವು. ಗಂಡ ಸತ್ತ ಮೇಲೆ ಅವನ ತಾಯಿ ಪಾಪಮ್ಮ ಅಲ್ಲಿ ಹೊಂಗೆ ಬೀಜ ಆಯ್ದು ಮಾರಿಯೇ ಮಗನನ್ನು ಸಾಕಿದ್ದಳು. ತೊಂಬತ್ತೆರಡರ ಬೇಸಿಗೆಯಲ್ಲಿ ಪಂಚಾಯಿತಿಯವರು ಆ ಮರಗಳನ್ನು ಹರಾಜು ಹಾಕುತ್ತಾರೆಂಬ ಸುದ್ದಿ ಹಬ್ಬಿತು. ಪಿಳ್ಳಣ್ಣ ಊಟ ಬಿಟ್ಟ.

ಅದೇ ಹೊತ್ತಿಗೆ ಬೆಂಗಳೂರಿನ ಯಾವುದೋ ಪರಿಸರ ಸಂಘದವರು ಜೀಪಿನಲ್ಲಿ ಬಂದರು. ಭೂಮಿ ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತಿದೆ, ಹೊಗೆ ಹೆಚ್ಚಿ ಮರ ಕಡಿಮೆಯಾದರೆ ಮಳೆ ದಾರಿ ತಪ್ಪುತ್ತದೆ, ಇದನ್ನು ಹಳ್ಳಿಯವರಿಗೆ ತಿಳಿಯುವ ಹಾಗೆ ಡೇರಿ ಗೋಡೆಯ ಮೇಲೆ ಬರೆದುಕೊಡು ಎಂದರು. ಆ ಡೇರಿಯಲ್ಲಿ ಹಾಲು ಅಳೆಯುತ್ತಿದ್ದವನು ನಾನು. “ಇಷ್ಟು ದಿನ ಕಂಡೋರ್ಗೆ ಬರ್ದೆ. ಇದು ನನ್ ತೋಪಿಗೆ ಕಣೋ. ದಿನಾ ಹಾಲು ಹಾಕಕ್ ಬರೋರು ನೋಡ್ಲಿ, ಆಮೇಲೆ ಯಾವನು ಕೊಡ್ಲಿ ಎತ್ತುತಾನೆ ನೋಡನ” ಎಂದ ಪಿಳ್ಳಣ್ಣ.

ಚೆನ್ನಾಗಿಯೇ ಬರೆದ. ಭೂಮಿತಾಯಿ ಜ್ವರ ಬಂದು ಮಲಗಿದ್ದಾಳೆ. ಕಣ್ಣು ಕೆಂಪು, ಮುಖದ ತುಂಬ ಬಿಸಿಲಿನ ಕೆಂಪು ಬೊಕ್ಕೆ. ತಲೆದೆಸೆಯಲ್ಲಿ ಬೇವಿನ ಸೊಪ್ಪು, ಮಡಿಲಲ್ಲಿ ನಮ್ಮ ತೋಪು. ಕೆಳಗೆ, ‘ತಾಯಿಗೆ ಜ್ವರ. ಮರ ಕಡಿಯಬೇಡಿ.’ ಜ್ವರ ಎಂದರೆ ಅವನ ಕೈಗೆ ಬಂದದ್ದು ಬೊಕ್ಕೆ ಮತ್ತು ಬೇವು. ಮೈಮೇಲೆ ಬೊಕ್ಕೆ ಎದ್ದರೆ ‘ಅಮ್ಮ ಬಂದವ್ಳೆ’ ಎಂದು ಹಾಸಿಗೆಗೆ ಬೇವು ಇಡುವ ಊರು ನಮ್ಮದು. ಅಲ್ಲೇ ಹುಟ್ಟಿ ಬೆಳೆದವನಿಗೆ ಅದು ಹೊಳೆಯಲಿಲ್ಲವಲ್ಲ!

ಮಾರನೆಯ ಬೆಳಿಗ್ಗೆ ಮುದುಕಿ ಮುನಿತಾಯಮ್ಮ ಹಾಲಿನ ಕ್ಯಾನು ಕೆಳಗಿಟ್ಟು ಗೋಡೆಗೆ ಅಡ್ಡಬಿದ್ದಳು. ಮಧ್ಯಾಹ್ನದ ಹೊತ್ತಿಗೆ ಅರಿಶಿನ, ಕುಂಕುಮ, ಮೊಸರನ್ನದ ಎಡೆ ಬಂದವು. ಊರಿನ ಮಕ್ಕಳಿಗೆ ಬೊಕ್ಕೆ ಎದ್ದಿದ್ದ ಕಾಲ ಅದು. ತಾಯಂದಿರು ಬಿಂದಿಗೆ ಹೊತ್ತು ಬಂದು ದೇವಿಯನ್ನು ತಂಪು ಮಾಡಲು ನೀರು ಎರಚಿದರು. ಅರಿಶಿನದಡಿಯಲ್ಲಿ ಅಕ್ಷರಗಳು ಮುಚ್ಚಿಹೋದವು.

“ಅವ್ವಾ, ಇದು ಮಾರಮ್ಮ ಅಲ್ಲ, ಭೂಮಿ” ಎಂದು ಪಿಳ್ಳಣ್ಣ ಗೋಗರೆದ.

“ಭೂಮಿ ಬೇರೆ, ಅಮ್ಮ ಬೇರೆನೇನೋ? ಬರ್ದಿದ್ದು ನಿನ್ ಕೈ ಕಣಪ್ಪ, ಬರ್ಸಿದ್ದು ಅವ್ಳು” ಎಂದಳು ಮುನಿತಾಯಮ್ಮ.

ಮಕ್ಕಳ ಬೊಕ್ಕೆ ಒಣಗಿದವು. ಇನ್ನು ಕೇಳಬೇಕೆ? ದೇವಿ ಬಿಸಿಲಲ್ಲಿ ಇರಬಾರದು, ಗುಡಿ ಆಗಬೇಕು ಎಂದು ಊರು ಕೂಡಿತು. ಜಾಗ ಎಲ್ಲಿ? ತೋಪಿನಲ್ಲಿ. ಖರ್ಚಿಗೆ? ತೋಪಿನ ಮರ. ಪಿಳ್ಳಣ್ಣ ಎದ್ದು ನಿಂತು, “ಚಿತ್ರದ ಕೆಳ್ಗೆ ಏನ್ ಬರ್ದೈತೆ ಓದ್ರಪ್ಪೋ!” ಎಂದು ಕೂಗಿದ. ಪಂಚಾಯಿತಿಯ ದೊಡ್ಡ ಮನುಷ್ಯ ವೆಂಕಟರಾಯಪ್ಪ ನಗುತ್ತಲೇ, “ಅಮ್ಮನ ಕೆಲ್ಸಕ್ಕೆ ಕಡಿದ್ರೆ ಅದು ಕಡಿದಂಗಲ್ಲ ಬುಡು” ಎಂದ. ಎಂಥ ಮಾತು! ಹರಾಜಿಗೆ ಅಡ್ಡ ಬರುತ್ತಿದ್ದವರೂ ಈಗ ಕೈಮುಗಿದು ಒಪ್ಪಿದರು.

ಮರುದಿನ ಪಿಳ್ಳಣ್ಣ ಸುಣ್ಣದ ಬಕೆಟ್ಟು ಹಿಡಿದು ಬಂದ. ಚಿತ್ರವನ್ನೇ ಅಳಿಸಿದರೆ ದೇವಿಯೂ ಇಲ್ಲ, ಗುಡಿಯೂ ಇಲ್ಲ. ಗೋಡೆಯ ಮುಂದೆ ಪಕ್ಕದೂರಿನ ಒಬ್ಬ ತಾಯಿ ಬೊಕ್ಕೆ ಎದ್ದ ಕೂಸನ್ನು ಮಲಗಿಸಿಕೊಂಡು ಕೂತಿದ್ದಳು. “ಬಣ್ಣ ಹೊಸ್ದು ಮಾಡಕ್ ಬಂದ್ಯಾ ಅಣ್ಣ? ಮಾಡು, ನಿನ್ ಕೈ ತಣ್ಗಿರ್ಲಿ” ಎಂದಳು. ಅವನು ಕುಂಚ ಅದ್ದಿದ. ಎತ್ತಲಾಗಲಿಲ್ಲ. ಬಕೆಟ್ಟು ನನ್ನ ಕೈಗಿಟ್ಟು ಮೋರಿಯ ಕಟ್ಟೆಯ ಮೇಲೆ ಕೂತು ಅತ್ತ. ಯಾರನ್ನು ಬೈಯುವುದು?

ತೋಪು ಲಾರಿ ಹತ್ತಿತು. ಪಾಪಮ್ಮನನ್ನು ಸಾಕಿದ ಹೊಂಗೆಗಳೂ ಹೋದವು. ಎರಡು ವರ್ಷಕ್ಕೆ ಗುಡಿ ಎದ್ದಿತು, ಸುತ್ತ ಕಾಂಪೌಂಡೂ ಬಂತು. ನೋಡಿದರೆ ಬಯಲಲ್ಲಿ ಬೋಳುಬೋಳು. ವೆಂಕಟರಾಯಪ್ಪ ಪಿಳ್ಳಣ್ಣನನ್ನು ಕರೆಸಿ, “ಲಕ್ಷಣವಾಗಿಲ್ಲ ಕಣೋ, ಕಾಂಪೌಂಡ್ ಗೋಡೆ ಸುತ್ತ ಒಂದಷ್ಟು ಮರ ಬರಿ” ಎಂದ.

ಬೇಡ ಎನ್ನುತ್ತಾನೆಂದುಕೊಂಡಿದ್ದೆ. ಬರೆದ. ಯಾವ ಮರ ಎಲ್ಲಿತ್ತೋ ಅದನ್ನು ಅದರ ನೇರಕ್ಕೇ ಬರೆದ, ಕೊಂಬೆ ಮುರಿದಿದ್ದ ಹುಣಸೆಯನ್ನು ಮುರಿದ ಕೊಂಬೆಯ ಸಮೇತ. ಮಧ್ಯಾಹ್ನ ಊಟಕ್ಕೆ ಕೂರಲು ಸುತ್ತ ನೋಡಿದ. ಎಲ್ಲೂ ನೆರಳಿರಲಿಲ್ಲ. ಬುತ್ತಿಯ ಗಂಟು ಹಿಡಿದು ಡೇರಿಯವರೆಗೂ ನಡೆದು ಬಂದು, ನನ್ನ ಪಕ್ಕದಲ್ಲಿ ಕೂತು ಮುದ್ದೆ ಮುರಿದ.